ಗದಗಿನಿಂದ ಪೆನಾಂಗಿಗೆ ಬಂದ ಕುಕ್ಕರು

ನಾನೊಂದು ಪ್ರೆಶರ್ ಕುಕ್ಕರ್. ಹಿಡಿಸುವುದು ಮೂರು ಲೀಟರ್, ಸಿಟ್ಟು ಮಾತ್ರ ಹಂಡೆಯಷ್ಟು. ಹುಟ್ಟುವಾಗಲೇ ಏಟು ತಿಂದ ಜೀವಕ್ಕೆ ಸಿಟ್ಟು ಬಾರದೆ ಇನ್ನೇನು ಬಂದೀತು? ಅಲ್ಯೂಮಿನಿಯಂ ತಗಡನ್ನು ಯಂತ್ರದ ಬಾಯಿಗೆ ಕೊಟ್ಟು ಒಂದೇ ಏಟಿಗೆ ಹೊಟ್ಟೆ ಮಾಡಿದರು. ಹಿಡಿಕೆ ಬಿಗಿದರು, ಮುಚ್ಚಳ ಕೊಟ್ಟರು, ತಲೆಯ ಮೇಲೊಂದು ಸೀಟಿ ಕೂರಿಸಿದರು. ರಟ್ಟಿನ ಡಬ್ಬಿಯೊಳಗೆ ಕುಳಿತು ಗದಗಿನ ಭಾಂಡೆ ಅಂಗಡಿಗೆ ಬಂದೆ.

ಅಲ್ಲಿ ನನ್ನನ್ನು ಕೊಂಡವರು ನೀಲವ್ವನ ಸೋದರಮಾವ. ಸೊಸೆಯ ಮದುವೆಗೆ ಉಡುಗೊರೆ. ನಮ್ಮ ಕಡೆ ಮದುವೆಯ ಭಾಂಡೆಯನ್ನು ಹೆಸರು ಕೊರೆಸದೆ ಕೊಡುವ ರೂಢಿಯಿಲ್ಲ. "ಯಾರ ಹೆಸರ ಹಾಕ್ಲ್ರೀ?" ಎಂದ ಅಂಗಡಿಯವನು.

"ಅಳಿಯಂದ ಹಾಕಪಾ. ಮನಿ ಯಜಮಾನ ಅಂವನ ಅಲ್ಲೇನು?"

ಜುಂಯ್ ಎಂದು ನನ್ನ ಹೊಟ್ಟೆಯ ಮೇಲೆ ಬರೆದರು: ಶ್ರೀ ಬಸವಣ್ಣೆಪ್ಪ ಕಡೇಮನಿ. ಆ ಯಜಮಾನರು ನನ್ನನ್ನು ಮುಟ್ಟಲು ಎಷ್ಟು ವರ್ಷ ಹಿಡಿಯಿತೆಂದು ಆಮೇಲೆ ಹೇಳುತ್ತೇನೆ. ಮುಟ್ಟಿದವಳು, ತಿಕ್ಕಿದವಳು, ನನ್ನ ಹಬೆಗೆ ಮುಂಗೈ ಸುಟ್ಟುಕೊಂಡವಳು ನೀಲವ್ವ ಒಬ್ಬಳೇ. ಅವಳ ತಾರುಣ್ಯವೆಲ್ಲ ನನ್ನ ಸೀಟಿ ಎಣಿಸುವುದರಲ್ಲಿ ಹೋಯಿತು.

ಬಸವಣ್ಣೆಪ್ಪನವರು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರು. ನಿವೃತ್ತಿಯಾದ ಮೇಲೆ ಒಂದು ದಿನ ಹೆಂಡತಿಗೆ ಹೇಳಿದರು: "ಜನ್ಮೆಲ್ಲಾ ಕೈಮರದಂಗ ನಿಂತು ಹುಡುಗ್ರಿಗೆ ನಕಾಶೆ ತೋರಿಸೀನಿ, ಒಂದೂರೂ ಕಣ್ಣಾರೆ ನೋಡಿಲ್ಲ. ಹೋಗೂಣು ನಡಿ. ಟೂರ್‌ನವರಂಗ ಓಡೂದು ಬ್ಯಾಡ. ಒಂದೊಂದ ಊರಾಗ ತಿಂಗಳಗಟ್ಲೆ ಮನಿ ಹಿಡದು, ನಿಧಾನಕ ನೋಡೂಣು."

ನೀಲವ್ವನ ಮುಖ ಅರಳಿತು. ನನ್ನನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಬೋರಲು ಹಾಕಿದಳು. "ನಂಗೂ ಸಾಕಾಗೈತಿ, ನಿಂಗೂ ಸಾಕಾಗೈತಿ. ಇನ್ನ ಮಲಕೊ" ಎಂದಳು. ನನಗಂತೂ ಕಣ್ಣೀರೇ ಬಂತು ಅನ್ನಿ.

"ಅದನ್ನ ಯಾಕ ಮ್ಯಾಲ ಇಟ್ಟಿ?" ಎಂದರು ಯಜಮಾನರು. "ಮೊದಲ ಅದು ಚೀಲಕ್ಕ. ಆ ಥಾಯ್ಲೆಂಡ್ ಕಡೆ ಎಲ್ಲಾದಕ್ಕೂ ಮೀನಿನ ರಸ ಹಾಕ್ತಾರಂತ. ಹೊರಗಿನ ಊಟ ನಂಗ ಒಗ್ಗಂಗಿಲ್ಲ, ಗೊತ್ತಿಲ್ಲೇನು?"

ಅವಳು ನನ್ನನ್ನು ಇಳಿಸಿದಳು. ಹಳೆಯ ಸೀರೆಯಲ್ಲಿ ಸುತ್ತಿ ಚೀಲಕ್ಕೆ ತುರುಕಿದಳು.

ಥಾಯ್ಲೆಂಡಿನ ಚಿಯಾಂಗ್ ಮಾಯ್ ಮೊದಲ ಊರು. ನನ್ನ ಮೊದಲ ಸೀಟಿಗೇ ಪಕ್ಕದ ಮನೆಯ ಹುಡುಗಿ ಹೆದರಿ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು. ನಗು ಬಂದದ್ದು ಅಷ್ಟಕ್ಕೇ. ಬೆಳಿಗ್ಗೆ ಉಪ್ಪಿಟ್ಟು ತಿಂದು ಯಜಮಾನರು ಬೌದ್ಧ ಗುಡಿ ನೋಡಲು ಹೊರಡುವರು. ಮಧ್ಯಾಹ್ನದ ಊಟಕ್ಕೆ ಮರಳುವರು. ಮಲಗಿ ಎದ್ದು, ಚಹಾ ಕುಡಿದು ಮತ್ತೆ ಹೊರಡುವರು. "ನೀನೂ ಬಾ" ಎಂದು ಬಾಗಿಲಲ್ಲಿ ಕರೆಯುವರು. ಆಗ ಬೇಳೆ ಒಲೆಯ ಮೇಲಿರುತ್ತಿತ್ತು. ಓಡೋಡಿ ಊರು ನೋಡುವವರ ಹೆಂಡಂದಿರಿಗೆ ಹೋಟೆಲ್ಲಾದರೂ ಸಿಗುತ್ತದೆ. ನಿಧಾನಕ್ಕೆ ನೋಡುವವರ ಹೆಂಡತಿಗೆ ಸಿಕ್ಕಿದ್ದು ಅಡಿಗೆಮನೆ. ಅವಳಿಗೆ ಬೇಕಾಗಿದ್ದುದು ದೊಡ್ಡದೇನಲ್ಲ. ಒಲೆಯ ಚಿಂತೆಯಿಲ್ಲದೆ ಒಂದು ಸಂಜೆ ಹೊರಗೆ ಕೂರುವುದು.

ಎರಡನೆಯ ಊರು ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್. ಅಡಿಗೆಮನೆಯ ಕಿಟಕಿಯ ಕೆಳಗೇ ಮೆಕಾಂಗ್ ಹೊಳೆ. ಒಂದು ಬೆಳಿಗ್ಗೆ ನೀಲವ್ವ ನನ್ನ ಮುಚ್ಚಳದ ರಬ್ಬರ್ ರಿಂಗು ಬಿಚ್ಚಿದಳು, ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನಿಂತಳು, ಕಿಟಕಿಯಿಂದ ಬೀಸಿ ಒಗೆದಳು. ಗಂಡನಿಗೆ "ರಿಂಗ್ ಹರೀತ್ರಿ. ಇನ್ನ ಇದರಾಗ ಏನೂ ಬೇಯಂಗಿಲ್ಲ" ಎಂದಳು. ಶಭಾಶ್ ಎಂದು ಸೀಟಿ ಹೊಡೆಯಬೇಕೆನಿಸಿತು. ರಿಂಗಿಲ್ಲದೆ ಹೇಗೆ ಹೊಡೆಯಲಿ?

ಆ ಕೆಲವು ದಿನ ಅವಳವು. ಯಜಮಾನರು ಬಾಳೆಹಣ್ಣು, ಬ್ರೆಡ್ಡು ತಿಂದು ಮುಖ ಊದಿಸಿಕೊಂಡಿದ್ದರು. ಅವಳು ಸಂತೆಗೆ ಹೋಗಿ ಬಾಳೆಲೆಯ ದೊನ್ನೆಯಲ್ಲಿ ಏನೋ ತಂದಳು. "ನೋಡ್ರಿ, ಇಲ್ಲೂ ಪಡ್ಡು ಮಾಡ್ತಾರ! ಅಕ್ಕಿಹಿಟ್ಟು, ತೆಂಗಿನಹಾಲು. ಹಂಚಿಗೂ ನಮ್ಮಂಗ ಕುಳಿ. ಮಾರೂ ಆಕಿ ನನ್ನ ಬಾಜೂಕ ಕೂಡಿಸ್ಕೊಂಡು ತಿರುವಿ ಹಾಕೂದು ಕಲಿಸಿದ್ಳು!" ಅವಳ ಮಾತಿನಲ್ಲಿ ಅಷ್ಟು ಉಮೇದಿಯನ್ನು ನಾನು ಕೇಳಿದ್ದು ಅವರ ಮದುವೆಯ ಹೊಸದರಲ್ಲಿ ಮಾತ್ರ. ಯಜಮಾನರು ಮೂಸಿ ನೋಡಿ ಪಕ್ಕಕ್ಕೆ ಸರಿಸಿದರು.

ಅವರಿಬ್ಬರ ಮದುವೆಯಾದ ದಿನ ಮರಳಿ ಬಂತು. ಹಿಂದಿನ ದಿನ ಬಸ್ ಹತ್ತಿ ರಾಜಧಾನಿಗೆ ಹೋಗಿದ್ದ ಯಜಮಾನರು ಬಣ್ಣದ ಕಾಗದದ ತೆಳ್ಳನೆಯ ಪೊಟ್ಟಣ ಹಿಡಿದು ಬಂದರು. ಆ ಊರಿನ ರೇಷ್ಮೆ ಶಾಲು ಹೆಸರುವಾಸಿ. ನೀಲವ್ವ ಕೈ ಒರೆಸಿಕೊಂಡು, ನಾಚಿಕೊಂಡು ಬಿಚ್ಚಿದಳು. ಒಳಗೆ ರಬ್ಬರ್ ರಿಂಗು!

"ನಮ್ಮ ದೇಶದವರ ಹೋಟೆಲ್ ಹುಡುಕಿ, ಬೇಡಿಕೊಂಡು ತಂದೀನಿ. ನಿನ್ನ ಸಲುವಾಗಿ ಎಷ್ಟ ತಿರುಗೀನಿ ಗೊತ್ತೇನ?" ಅವರ ಮುಖದಲ್ಲಿ ನಿಜವಾದ ಪ್ರೀತಿಯಿತ್ತು. ನನಗೆ ಹೊಟ್ಟೆ ಉರಿದದ್ದೂ ಅದಕ್ಕೇ. ನೀಲವ್ವ ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಖುಷಿಯಾಯಿತೆಂದು ಅವರು ತಿಳಿದರು. ಅವತ್ತು ಮಧ್ಯಾಹ್ನವೇ ನಾನು ಸೀಟಿ ಹೊಡೆದೆ.

ಮೂರನೆಯದು ವಿಯೆಟ್ನಾಮಿನ ಹೋಯ್ ಆನ್. ಹುಣ್ಣಿಮೆಗೆ ಅಲ್ಲಿ ಹೊಳೆಯ ತುಂಬ ದೀಪ ತೇಲಿಬಿಡುತ್ತಾರೆ. ಅವಳು ಸೀರೆಯುಟ್ಟು ತಯಾರಾಗಿದ್ದಳು. "ಹುಣ್ಣಿವಿ ಅಲಾ, ನಾಕ ಹೋಳಿಗಿ ಮಾಡು. ಅಷ್ಟರಾಗ ಜಾಗಾ ನೋಡಿ ಬರ್ತೀನಿ" ಎಂದು ಯಜಮಾನರು ಹೋದರು. ನನ್ನೊಳಗೆ ಕಡಲೆಬೇಳೆ ಬೆಂದಿತು. ಅವರು ಬಂದದ್ದು ದೀಪವೆಲ್ಲ ಆರಿದ ಮೇಲೆ. ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು, ದೀಪ ಹೇಗಿದ್ದವೆಂದು ಬಹಳ ಚೆನ್ನಾಗಿ ವರ್ಣಿಸಿದರು. ಮಾಸ್ತರಲ್ಲವೇ!

ಕೊನೆಗೆ ಮಲೇಷ್ಯಾದ ಪೆನಾಂಗ್, ಚೀನೀ ಅಜ್ಜಿಯೊಬ್ಬಳ ಹಳೆಯ ಮನೆ. ಅಲ್ಲಿ ಅವರು ಹೇಳಿದರು: "ಇನ್ನೊಂದ ವರ್ಷ ಹಿಂಗ ತಿರುಗೂಣು."

"ಬರ್ತೀನ್ರಿ" ಎಂದಳು ನೀಲವ್ವ. "ಆದ್ರ ಈ ಕುಕ್ಕರ್ ಬರಂಗಿಲ್ಲ. ಇದನ್ನ ಇಲ್ಲೇ ಬಿಡ್ತೀನಿ."

ಅವರು ನಕ್ಕರು. "ಕುಕ್ಕರ್ ಇಲ್ದ ನೀ ಬಂದು ಏನ್ ಮಾಡ್ತಿ?"

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನೀಲವ್ವ ಅವರನ್ನು ನೋಡಿದಳು, ನನ್ನನ್ನೂ ನೋಡಿದಳು. ಮರುವಾರ ಗದಗಿಗೆ ಮರಳಲು ಒಬ್ಬಳೇ ವಿಮಾನ ನಿಲ್ದಾಣಕ್ಕೆ ಹೊರಟಳು. ಹೋಗುವಾಗ ನನ್ನನ್ನು ಸವರಲೂ ಇಲ್ಲ. ಅವಳ ಪಾಲಿಗೆ ನಾನೂ ಅವರ ಕಡೆಯವನೇ ಆಗಿದ್ದೆ. ಅದು ಈಗಲೂ ಚುಚ್ಚುತ್ತದೆ.

ಆಗ, ಮದುವೆಯಾಗಿ ಮೂವತ್ತಾರು ವರ್ಷಗಳ ಮೇಲೆ, ಯಜಮಾನರು ನನ್ನನ್ನು ಮುಟ್ಟಿದರು. ನೀರು ಹಾಕುವುದನ್ನೇ ಮರೆತರು. ಬೇಳೆ ಕರಿ ಹಿಡಿಯಿತು, ತಳ ಸೀದಿತು. ಕೈ ಸುಟ್ಟುಕೊಂಡು ಫೋನು ಹಚ್ಚಿದರು. "ನೀಲಾ, ನೀರ ಎಷ್ಟ ಹಾಕ್ಬೇಕ? ಎಷ್ಟ ಸೀಟಿ?"

ಅವಳ ದನಿ ಜೋರಾಗಿಯೇ ಕೇಳಿಸಿತು. "ಅದರ ಮ್ಯಾಲ ನಿಮ್ಮ ಹೆಸರೈತಲ್ರಿ. ಅದನ್ನ ಕೇಳ್ರಿ."

ಮರುದಿನ ಅವರು ತಮಿಳರ ಓಣಿಗೆ ಹೋದರು. ಅಲ್ಲಿ ಶಾಕಾಹಾರಿ ಖಾನಾವಳಿ. ಬಾಳೆಲೆಯ ಊಟ ಮಾಡಿ, ಬೆರಳು ಚೀಪುತ್ತ ಬಂದು, ತೇಗಿ ಮಲಗಿದರು. ಅದರ ಮರುದಿನವೂ ಹೋದರು. ಒಗ್ಗದ ಹೊಟ್ಟೆ ಎರಡೇ ದಿನಕ್ಕೆ ಒಗ್ಗಿತು.

ನನ್ನನ್ನು ಈಗ ಮನೆಯೊಡತಿ ಅಜ್ಜಿ ತೆಗೆದುಕೊಂಡಿದ್ದಾಳೆ. ತಳಕ್ಕೆ ಮೊಳೆ ಹೊಡೆದು ತೂತು ಮಾಡಿ, ಮಣ್ಣು ತುಂಬಿ, ಅನ್ನಕ್ಕೆ ಪರಿಮಳ ಕೊಡುವ ಪಾಂಡನ್ ಗಿಡ ನೆಟ್ಟಿದ್ದಾಳೆ. ಏಟಿನಿಂದ ಹುಟ್ಟಿದ್ದೆ, ಏಟಿನಿಂದಲೇ ನಿವೃತ್ತಿಯಾಯಿತು. ಅಂಗಳದ ಮೂಲೆಯಲ್ಲಿ ಹಾಯಾಗಿದ್ದೇನೆ ಎನ್ನಬೇಕು.

ನಿನ್ನೆ ಯಜಮಾನರು ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಊರಿಗೆ ಫೋನು ಮಾಡಿದರು. "ಏನ ಅಡಿಗಿ ಮಾಡೀ?"

"ಅಡಿಗಿ ಎಲ್ಲೀದ್ರಿ? ಖಾನಾವಳಿಯಿಂದ ತರಿಸ್ತೀನಿ. ಉಂಡು ಕಟ್ಟಿಮ್ಯಾಲ ಕುಂತೀನಿ. ನಿಮ್ದು?"

"ನಂದೂ ಖಾನಾವಳಿನ. ಭಾಳ ಚೊಲೋ ಐತಿ."

ಅಷ್ಟಕ್ಕೇ ಫೋನು ಇಟ್ಟರು. ಅವಳು ಅಲ್ಲಿ ಖಾನಾವಳಿಯ ರೊಟ್ಟಿ ಉಂಡಿದ್ದಾಳೆ, ಇವರು ಇಲ್ಲಿ ಖಾನಾವಳಿಯ ಅನ್ನ ಉಂಡಿದ್ದಾರೆ. ಇಬ್ಬರ ಹೊಟ್ಟೆಯೂ ತುಂಬಿದೆ. ಹಾಗಾದರೆ ಇಷ್ಟು ವರ್ಷ ನಾನು ಸೀಟಿ ಹೊಡೆದದ್ದು ಯಾರ ಹಸಿವಿಗೆ?