ನಾನು ಮುಳುಗಿದ ಶುಕ್ರವಾರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಯಾರೂ ದೂರಬಾರದು. ಹುಡುಗಿಯರ ಬೇಸಿಗೆ ಶಿಬಿರದಲ್ಲಿ ಮೂರನೇ ಕೋಣೆಗೆ ನಾನು ಮೇಲ್ವಿಚಾರಕಿ. ಹನ್ನೆರಡು ಹುಡುಗಿಯರನ್ನು ಎಬ್ಬಿಸುವುದು, ಹಲ್ಲುಜ್ಜಿಸುವುದು, ಒಬ್ಬಳ ಕಾಲುಚೀಲ ಇನ್ನೊಬ್ಬಳ ದಿಂಬಿನಡಿ ಹೇಗೆ ಹೋಯಿತು ಎಂದು ವಿಚಾರಣೆ ನಡೆಸುವುದು, ಎಲ್ಲ ನನ್ನ ತಲೆಗೇ. ಸಾಲದ್ದಕ್ಕೆ ಕೆರೆಯಲ್ಲಿ ಈಜು ಕಲಿಸುವವಳೂ ನಾನೇ.

ಕೆರೆಯ ದಡದಲ್ಲಿ ಒಂದು ಹಲಗೆಯಿದೆ. ಅದರ ಮೊಳೆಗಳಿಗೆ ತಗಡಿನ ಬಿಲ್ಲೆಗಳು, ಹುಡುಗಿಯರಿಂದ ಹಿಡಿದು ನಮ್ಮವರೆಗೆ ಒಬ್ಬೊಬ್ಬರಿಗೆ ಒಂದೊಂದು ನಂಬರು. ನೀರಿಗಿಳಿಯುವಾಗ ಬಿಲ್ಲೆಯ ಕೆಂಪು ಮುಖ ತಿರುಗಿಸಬೇಕು, ಹತ್ತಿ ಬಂದ ಮೇಲೆ ಬಿಳಿ ಮುಖ. ಎಲ್ಲರೂ ಹೊರಗೆ ಬಂದ ಮೇಲೂ ಒಂದು ಬಿಲ್ಲೆ ಕೆಂಪಗೇ ಇದ್ದರೆ ಯಾರೋ ನೀರಲ್ಲಿ ಉಳಿದಿದ್ದಾರೆ ಎಂದರ್ಥ. ತಿರುಗಿಸಲು ಮರೆತವರಿಗೆ ಮೂರು ದಿನ ನೀರು ಬಂದ್. ಈ ಕಾನೂನು ತಂದವಳೂ ನಾನೇ.

ಗುರುವಾರ ಬೆಳಿಗ್ಗೆ ಮರೆತವಳು ನಮ್ಮ ವಕೀಲಮ್ಮ. ಹನ್ನೆರಡು ವರ್ಷದ ಹುಡುಗಿ. ಬೇಗ ಮಲಗು ಎಂದರೆ ‘ಬೇಗ ಅಂದ್ರೆ ಎಷ್ಟು ಗಂಟೆ?’ ಎಂದು ಕೇಳುವವಳು, ಅದಕ್ಕೇ ಆ ಹೆಸರು. ಕೆರೆಯ ನಡುವೆ ಕಟ್ಟಿ ನಿಲ್ಲಿಸಿದ ತೆಪ್ಪದವರೆಗೆ ಏನನ್ನೂ ಹಿಡಿಯದೆ ಈಜಿಹೋಗಬೇಕು ಎನ್ನುವುದು ಅವಳ ಆಸೆ. ಮೊದಲ ವರ್ಷ ಅರ್ಧದಲ್ಲಿ ಹೆದರಿ ವಾಪಸ್ಸು ಬಂದಳು. ಎರಡನೇ ವರ್ಷ ಕಿವಿನೋವು. ಇದು ಮೂರನೇ ವರ್ಷ. ಮುಂದಿನ ಸಲ ವಯಸ್ಸು ಮೀರುವುದರಿಂದ ಶಿಬಿರಕ್ಕೆ ಸೇರಿಸಿಕೊಳ್ಳುವುದಿಲ್ಲ. ತೆಪ್ಪದ ಪರೀಕ್ಷೆ ಶನಿವಾರ.

“ಅಕ್ಕ, ನಿಮ್ಮ ಕಣ್ಣೆದುರಿಗೇ ನಿಂತಿದೀನಿ. ಮುಳುಗಿಲ್ಲ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು?”

“ಮೂರು ದಿನ ಅಂದ್ರೆ ಮೂರು ದಿನ ಕಣೇ.”

“ಯಾವಾಗಿನಿಂದ?”

“ಈಗಿನಿಂದ! ಹತ್ತು ನಲವತ್ತು. ಬೇಕಾದ್ರೆ ಬರ್ಕೋ!”

ಪುಣ್ಯಾತ್ಗಿತ್ತಿ ಬರೆದೇಬಿಟ್ಟಳು, ಅಂಗೈ ಮೇಲೆ. ಆಮೇಲೆ ಟವೆಲ್ಲನ್ನು ತಲೆ ಮೇಲೆ ಹೊದ್ದುಕೊಂಡು ಬೆಂಚಿನ ಮೇಲೆ ಕೂತಳು. ಒಳಗೆ ಅಳುತ್ತಿದ್ದಳು, ಭುಜ ಅಲುಗುವುದು ಕಾಣಿಸುತ್ತಿತ್ತು. ಆದರೆ ಒಬ್ಬಳಿಗೆ ಸಡಿಲ ಬಿಟ್ಟರೆ ಮಿಕ್ಕ ಹನ್ನೊಂದು ಜನ ತಲೆ ಮೇಲೆ ಕೂರುತ್ತಾರೆ. ಜಪ್ಪಯ್ಯ ಅಂದರೂ ನಾನು ಬಗ್ಗಲಿಲ್ಲ.

ಶುಕ್ರವಾರ ಸಂಜೆ ಎಲ್ಲರೂ ನೀರಿನಿಂದ ಹತ್ತಿ ಬಂದಿದ್ದರು. ಹೆಡ್ ಮೇಡಂ ಕೂಗಿಕೊಂಡರು. “ಅಯ್ಯಯ್ಯೋ, ಒಂದು ಬಿಲ್ಲೆ ಕೆಂಪಗಿದೆ!”

ನಾನು ಯಾರದು, ಯಾವ ನಂಬರು, ಒಂದೂ ಕೇಳಲಿಲ್ಲ. ಉಟ್ಟ ಬಟ್ಟೆಯಲ್ಲೇ ಹಾರಿದೆ. ಉಳಿದ ಮೇಲ್ವಿಚಾರಕಿಯರು ಕೈ ಕೈ ಹಿಡಿದು ಎದೆಮಟ್ಟದ ನೀರಲ್ಲಿ ಸಾಲಾಗಿ, ತಳದಲ್ಲಿ ಕಾಲಾಡಿಸಿ ಹುಡುಕುತ್ತ ಬಂದರು. ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಕೆರೆಗೆ ಇಳಿದಳು. ನರ್ಸಮ್ಮ ಔಷಧಿ ಚೀಲ ತಬ್ಬಿಕೊಂಡು ದಡದಲ್ಲಿ ಮುಂಗಡವಾಗಿಯೇ ಅಳತೊಡಗಿದರು. ಹೆಡ್ ಮೇಡಂ ಹುಡುಗಿಯರನ್ನು ಮೂರು ಸಲ ಎಣಿಸಿದರು, ಮೂರು ಸಲವೂ ನಲವತ್ತೆಂಟಕ್ಕೆ ನಲವತ್ತೆಂಟು.

“ನೆಟ್ಟಗೆ ಎಣಿಸಿ ಮೇಡಂ!” ಎಂದು ನೀರೊಳಗಿಂದಲೇ ಗದರಿದೆ. ಮತ್ತೆ ಮುಳುಗಿದೆ. ಕೈಗೆ ಜೊಂಡು ಸಿಕ್ಕಿತು, ಕೂದಲು ಅಂದುಕೊಂಡು ಅರ್ಧ ಜೀವ ಹೋಯಿತು. ಯಾರ ಮಗುವೋ, ಅವರಮ್ಮನಿಗೆ ಏನೆಂದು ಹೇಳಲಿ ಎಂದು ನೀರೊಳಗೇ ಅತ್ತೆ.

ಅಷ್ಟರಲ್ಲಿ ವಕೀಲಮ್ಮ ಬೆಂಚಿನಿಂದೆದ್ದು, ಹಲಗೆಯ ಪಕ್ಕ ದಾರದಲ್ಲಿ ನೇತುಹಾಕಿದ್ದ, ಯಾವ ನಂಬರು ಯಾರದೆಂದು ಬರೆದಿಟ್ಟ ಪುಸ್ತಕ ತೆರೆದಿದ್ದಳು.

“ಅಕ್ಕಾ! ಹುಡುಕೋದು ನಿಲ್ಸಿ! ಮುಳುಗಿದೋರು ಸಿಕ್ಕಿದ್ರು!”

“ಯಾರೇ?”

“ನಂಬರು ಇಪ್ಪತ್ತೇಳು. ನೀವೇ!”

ಆಗ ನೆನಪಾಯಿತು. ಮಧ್ಯಾಹ್ನ ಯಾರದ್ದೋ ಚಪ್ಪಲಿ ತೇಲಿಹೋಗುತ್ತಿತ್ತೆಂದು ಇಳಿದಿದ್ದೆ. ಬಿಲ್ಲೆ ಕೆಂಪಗೆ ತಿರುಗಿಸಿಯೇ ಇಳಿದಿದ್ದೆ. ಹತ್ತಿ ಬರುವ ಹೊತ್ತಿಗೆ ಇಬ್ಬರು ಜಡೆ ಹಿಡಿದು ಜಗಳವಾಡುತ್ತಿದ್ದರು, ಬೈಯಲು ಓಡಿದ್ದೆ. ಮೊದಲು ನಕ್ಕವಳು ಅಡುಗೆಯಮ್ಮ. ಆಮೇಲೆ ನಲವತ್ತೆಂಟು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆರೆ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಅದಕ್ಕೇನೂ ಕಷ್ಟವಿರಲಿಲ್ಲ, ಸೊಂಟದವರೆಗೆ ಅದರಲ್ಲೇ ನಿಂತಿದ್ದೆ.

“ಹೋಗ್ಲಿ ಬಿಡಮ್ಮ,” ಎಂದರು ಹೆಡ್ ಮೇಡಂ ಕಣ್ಣೊರೆಸಿಕೊಳ್ಳುತ್ತ. “ನಾಳೆ ಪರೀಕ್ಷೆ ನಡೆಸೋಕೆ ನೀನಿಲ್ದಿದ್ರೆ ಹೇಗೆ?”

ವಕೀಲಮ್ಮ ಬಾಯಿ ತೆರೆದಳು. ಈಗ ನನ್ನ ಮಾನ ಹರಾಜು ಅಂದುಕೊಂಡೆ. ಅವಳು ನನ್ನ ಮುಖ ನೋಡಿದಳು, ಏನೂ ಹೇಳದೆ ಬಾಯಿ ಮುಚ್ಚಿಕೊಂಡಳು. ಎಲ್ಲಕ್ಕೂ ವಾದಿಸುವ ಹುಡುಗಿ ನನ್ನ ಮೇಲೆ ಕನಿಕರಪಟ್ಟು ಸುಮ್ಮನಾದಳಲ್ಲ, ಅದು ನನಗೆ ತಡೆಯಲಾಗಲಿಲ್ಲ.

“ನನಗೂ ಮೂರು ದಿನ ಮೇಡಂ,” ಎಂದೆ.

ಶನಿವಾರ ಇಬ್ಬರೂ ಬೆಂಚಿನ ಮೇಲೆ ಕೂತೆವು. ಬೇರೆ ಕೋಣೆಯ ಮೇಲ್ವಿಚಾರಕಿ ಪರೀಕ್ಷೆ ನಡೆಸಿದಳು. ಒಬ್ಬೊಬ್ಬಳು ತೆಪ್ಪ ಮುಟ್ಟಿದಾಗಲೂ ವಕೀಲಮ್ಮ ಚಪ್ಪಾಳೆ ತಟ್ಟುತ್ತಿದ್ದಳು.

“ಅಕ್ಕ, ಪರೀಕ್ಷೆ ಶನಿವಾರಾನೇ ಆಗ್ಬೇಕು ಅಂತ ಎಲ್ಲಾದ್ರೂ ಬರ್ದಿದ್ಯಾ?”

“ಇಲ್ಲ ಕಣೇ. ಯಾಕೆ?”

“ನನ್ನ ಮೂರು ದಿನ ನಾಳೆ ಹತ್ತು ನಲವತ್ತಕ್ಕೆ ಮುಗಿಯುತ್ತೆ. ಊರಿಗೆ ಹೋಗೋ ಬಸ್ಸು ಹನ್ನೊಂದಕ್ಕೆ.”

ಎದ್ದವಳೇ ಹೆಡ್ ಮೇಡಂ ಹತ್ತಿರ ಹೋದೆ. ಜನ್ಮದಲ್ಲಿ ಯಾರನ್ನೂ ಬೇಡಿದವಳಲ್ಲ, ಅವತ್ತು ಅರ್ಧ ಗಂಟೆ ಗೋಗರೆದೆ. ಕೊನೆಗೆ ಒಪ್ಪಿದರು.

ಭಾನುವಾರ ಹತ್ತು ನಲವತ್ತಕ್ಕೆ ಸರಿಯಾಗಿ ವಕೀಲಮ್ಮ ನೀರಿಗಿಳಿದಳು. ಶನಿವಾರ ಪರೀಕ್ಷೆ ನಡೆಸಿದ ಮೇಲ್ವಿಚಾರಕಿ ಹಿಂದೆ ದೋಣಿಯಲ್ಲಿ ಹೋದಳು. ನಾನು ದಡದಲ್ಲಿ, ಕಾಲಬೆರಳು ಕೂಡ ನೆನೆಯದ ಹಾಗೆ. ಅದೇ ಬಸ್ಸಿನಲ್ಲಿ ಕರೆದುಕೊಂಡು ಹೋಗಲು ಬಂದಿದ್ದ ಅವಳ ಅಮ್ಮ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅರ್ಧ ದಾರಿಯಲ್ಲಿ ಹುಡುಗಿ ನಿಂತುಬಿಟ್ಟಳು. ಮೊದಲ ವರ್ಷ ಹೆದರಿದ್ದೂ ಅಲ್ಲೇ. ನನಗೆ ಬೈಗುಳ ಬಿಟ್ಟರೆ ಬೇರೆ ಧೈರ್ಯದ ಮಾತು ಬರುವುದಿಲ್ಲ, ಬೈದೆ.

“ಅಲ್ಲೇನು ತೀರ್ಪು ಕಾಯ್ತಾ ನಿಂತಿದೀಯಾ? ಕಾಲು ಹೊಡಿಯೇ!”

ಹೊಡೆದಳು. ತೆಪ್ಪ ಮುಟ್ಟಿದಳು, ಹತ್ತಿದಳು, ಕಾಲು ಇಳಿಬಿಟ್ಟು ನಮಗೆ ಬೆನ್ನು ಹಾಕಿ ಕೂತಳು. ಐದು ನಿಮಿಷವಾಯಿತು, ಏಳಲಿಲ್ಲ. ಬಸ್ಸಿನವನು ಹಾರ್ನ್ ಹೊಡೆದ.

“ಹೆದರ್ಕೊಂಡ್ಲಾ ಮೇಡಂ? ಯಾಕೆ ಬರ್ತಿಲ್ಲ?” ಎಂದರು ಅವಳಮ್ಮ.

“ಹೆದರಿಕೆ ಏನಿಲ್ಲಮ್ಮ. ಸುಮ್ನೆ ಕೂತಿದಾಳೆ.”

ಮತ್ತೆ ಹಾರ್ನ್. ನಾನು ಸೀದಾ ಬಸ್ಸಿನ ಹತ್ತಿರ ಹೋದೆ.

“ಎಂಜಿನ್ ಆಫ್ ಮಾಡ್ರೀ! ಆ ಹುಡುಗಿ ಮೂರು ವರ್ಷ ಕಾದಿದಾಳೆ, ನಿಮ್ಗೆ ಹತ್ತು ನಿಮಿಷ ಕಾಯಕ್ಕಾಗಲ್ವಾ?”

ಅವನು ಆಫ್ ಮಾಡಿದ. ನಾನು ವಾಪಸ್ಸು ಬಂದು ಅವಳಮ್ಮನ ಪಕ್ಕ ನಿಂತು, ಹುಡುಗಿಗೆ ಸಾಕೆನಿಸುವವರೆಗೂ ಬಾಯಿ ಮುಚ್ಚಿಕೊಂಡು ಕಾದೆ.