ಕಾಲು ಹುಡುಕುತ್ತಿದ್ದ ಬ್ರೇಕು

ನನ್ನ ಅಂಗೈ ಬೆವರುತ್ತದೆ. ಕಲಿಯಲು ಬಂದವರ ಕಣ್ಣಿಗೆ ವಿ.ಆರ್. ಹೆಡ್‌ಸೆಟ್ ಹಾಕಿ, ಹಿಂದಲೆಯಲ್ಲಿ ಪಟ್ಟಿ ಬಿಗಿಯುವಾಗ ಆ ತೇವ ಅವರ ಕುತ್ತಿಗೆಗೆ ತಾಗಿಬಿಡುತ್ತದೇನೋ ಎಂಬ ಚಿಂತೆ. ಯಾರಿಗೂ ಹೇಳಿಲ್ಲ. ವಿದ್ಯಾಗಿರಿಯ ಈ ತರಬೇತಿ ಕೇಂದ್ರದಲ್ಲಿ ನನ್ನ ಕೆಲಸ ಇಷ್ಟೇ: ಪಟ್ಟಿ ಬಿಗಿಯುವುದು, ಕಂಪ್ಯೂಟರಿನಲ್ಲಿ ಗಾಳಿ, ಸೆಳವು ಹಾಕುವುದು. ಹೆಡ್‌ಸೆಟ್ ಹಾಕಿಕೊಂಡವರಿಗೆ ಸುತ್ತಲೂ ನೀರು, ಕೈಯಲ್ಲಿ ಚುಕ್ಕಾಣಿ, ಎದುರಿಗೆ ಹಡಗಿನ ಮೂತಿ.

ಹಿನ್ನೀರಿನಲ್ಲಿ ಜನ, ಬೈಕು ದಾಟಿಸುವ ಬಾರ್ಜಿಗೆ ಚಾಲಕರಾಗುವವರು ಇಲ್ಲಿ ಕಲಿಯುತ್ತಾರೆ. ಹಿಂದಿನ ಚಾಲಕ ಬಾರ್ಜನ್ನು ನಿಲ್ಲಿಸಲಾಗದೆ ದಂಡೆಗೆ ಗುದ್ದಿದ್ದ. ಇಳಿಯಲು ಮುಂದೆ ನಿಂತಿದ್ದ ಮಲ್ಲಮ್ಮ ಎಂಬ ಮುದುಕಿ ಕಬ್ಬಿಣಕ್ಕೂ ಕಲ್ಲಿಗೂ ನಡುವೆ ಸಿಕ್ಕು ಸತ್ತಳು. ಆ ಚಾಲಕನ ಜಾಗಕ್ಕೆ ಈಗ ಹೋಗುವವನು ಪ್ರಬುದ್ಧ.

ಪ್ರಬುದ್ಧ ಗುಡೂರಿನವನು, ಟ್ರ್ಯಾಕ್ಟರ್ ಓಡಿಸಿ ಬೆಳೆದವನು. ಹಡಗಿಗೆ ಬ್ರೇಕಿಲ್ಲ, ದಂಡೆ ದೂರವಿರುವಾಗಲೇ ಎಂಜಿನ್ ಹಿಮ್ಮುಖ ಓಡಿಸಬೇಕು. ಇದು ಅವನ ಬಾಯಿಗೆ ಬರುತ್ತದೆ, ಕಾಲಿಗೆ ಬರುವುದಿಲ್ಲ. ದಂಡೆ ಹತ್ತಿರವಾದಂತೆ ಅವನ ಬಲಗಾಲು ಬರೀ ನೆಲವನ್ನು ಒತ್ತತೊಡಗುತ್ತದೆ. ಲೇ, ಫರಸಿ ಒಡದೀತು ಎಂದು ಜೊತೆಯವರು ಕಾಡಿಸುತ್ತಿದ್ದರು. ಅವನೂ ನಗುತ್ತಿದ್ದ. ನಾನು ಗಾಳಿ ಹಾಕಿದಾಗಲೆಲ್ಲ ಅವನ ಹಡಗು ದಂಡೆಗೆ ಗುದ್ದುತ್ತಿತ್ತು. ಪರದೆ ಕೆಂಪಾಗುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ಇವತ್ತು ಪರೀಕ್ಷೆ. ಕೇಂದ್ರ ನಡೆಸುವ ಶಿರೀಷ ಸರ್ ನನ್ನ ಬೆನ್ನ ಹಿಂದೆ ನಿಂತು, ಗಾಳಿ ತೆಗಿ ಎಂದು ಮೆಲ್ಲಗೆ ಹೇಳಿದರು. ಸೋಮವಾರ ಬಾರ್ಜಿಗೆ ಚಾಲಕ ಬೇಕೇ ಬೇಕಂತೆ. ನನ್ನ ಕೈ ಏಳಲಿಲ್ಲ. ಅವರೇ ಬಗ್ಗಿ ಕಂಪ್ಯೂಟರಿನಲ್ಲಿ ಗಾಳಿ ತೆಗೆದರು. ಹಡಗು ತಾನಾಗಿಯೇ ಎಂಬಂತೆ ದಂಡೆಗೆ ಹೋಗಿ ನಿಂತಿತು, ಪರದೆ ಹಸಿರಾಯಿತು. ಸರ್ ಪರದೆ ನೋಡುತ್ತಿದ್ದರು. ನಾನು ಅವನ ಕಾಲು ನೋಡುತ್ತಿದ್ದೆ. ಅದು ಇನ್ನೂ ನೆಲ ಒತ್ತುತ್ತಲೇ ಇತ್ತು.

ಹೊರಗೆ ಕಾಯುತ್ತಿದ್ದ ಅವನ ತಾಯಿ ದುರಗವ್ವ ಒಳಗೆ ಬಂದು ಎಲ್ಲರ ಕೈಗೂ ಅಮೀನಗಡದ ಕರದಂಟು ಇಟ್ಟರು. ನನ್ನ ಬೆವರಿದ ಅಂಗೈಗೆ ಅದು ಅಂಟಿಕೊಂಡಿತು.

"ಸೋಮವಾರ ನಾನೂ ಹೊಂಟೇನಿ, ಯವ್ವಾ. ಬಾರ್ಜಿನ್ಯಾಗ ಎಲ್ಲಾರಕಿಂತ ಮುಂದ ನಿಂದರ್ತೇನಿ. ನನ್ನ ಮಗಾ ನಡಸೂದು ಮಂದಿಗೆ ಗೊತ್ತಾಗಲಿ," ಎಂದರು ನನಗೆ.

ಸರ್ ಸರ್ಟಿಫಿಕೇಟಿಗೆ ಸಹಿ ಮಾಡಿ ಪ್ರಬುದ್ಧನ ಕಡೆ ಚಾಚಿದರು. ಅವನು ನನ್ನತ್ತ ನೋಡಿ ನಕ್ಕ. ಗಾಳಿ ಇರಲಿಲ್ಲ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಮಲ್ಲಮ್ಮನೂ ಮುಂದೆಯೇ ನಿಂತಿದ್ದಳು.

"ದುರಗವ್ವಾರ," ಎಂದೆ. ಎಲ್ಲರೂ ತಿರುಗಿ ನೋಡಿದರು. "ಗಾಳಿ ತಗದು ಪರೀಕ್ಷಾ ಮಾಡ್ಯಾರ್ರಿ. ನಿಮ್ಮ ಮಗಗ ಹಡಗ ನಿಲ್ಲಸಾಕ ಇನ್ನೂ ಬರೂದಿಲ್ರಿ."