ಓಡಿ ಬಂದವಳಿಗಾಗಿ ನಿಂತ ಬಸ್ಸು

ಸ್ಟೀರಿಂಗ್ ಹಿಡಿದ ಹೊಸ ಡ್ರೈವರನಿಗೆ ಇವತ್ತು ಪರೀಕ್ಷೆ. ಹೊರದೇಶದಿಂದ ಬಂದ ಅವನಂಥವರು ಇಲ್ಲಿನ ಜನರೊಂದಿಗೆ ಬೆರೆಯಲೆಂದು ಸರ್ಕಾರ ಹೊಸ ಯೋಜನೆ ತಂದಿತ್ತು. ಬಸ್ಸು ಓಡಿಸುವ ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ ಕಾಯಂ ಕೆಲಸ. ಕೆಲಸ ಕಾಯಂ ಆದರೆ ಹೆಂಡತಿ, ಮಗಳನ್ನು ಕರೆಸಿಕೊಳ್ಳಲು ಅನುಮತಿ. ಒಂದು ಸಲ ಆಗಲೇ ಫೇಲಾಗಿದ್ದ. ಇದು ಕೊನೆಯ ಅವಕಾಶ.

ಫೇಲಾದ ಕಾರಣ ಕೇಳಿದರೆ ನಗು ಬರುತ್ತದೆ. ಅವನ ಊರಲ್ಲಿ ಯಾರಾದರೂ ಓಡಿ ಬಂದರೆ ಡ್ರೈವರು ಬಸ್ಸು ನಿಲ್ಲಿಸುತ್ತಾನೆ, ಬೈಯುತ್ತಾನೆ, ಹತ್ತಿಸಿಕೊಳ್ಳುತ್ತಾನೆ. ಇಲ್ಲಿ ಸ್ವಂತ ಅತ್ತೆಯೇ ಓಡಿ ಬಂದರೂ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚಬೇಕು. ಸರ್ಕಾರದ ಪ್ರಕಾರ ಬೆರೆಯುವುದೆಂದರೆ ಮೊದಲು ಗಡಿಯಾರದ ಜೊತೆ ಬೆರೆಯುವುದು! ಹೋದ ಸಲ ಇವನು ನಿಲ್ದಾಣ ನಿಲ್ದಾಣದಲ್ಲೂ ಕಾದಿದ್ದರಿಂದ ಹಿಂದಿನ ಬಸ್ಸೇ ಬಂದು ಇವನನ್ನು ಹಿಡಿದಿತ್ತು.

"ನೋಡಪ್ಪಾ, ಓಡೋರ ಕಡೆ ತಿರುಗಿ ನೋಡ್ಲೇಬೇಡ," ಎಂದು ತರಬೇತಿ ಕೊಟ್ಟ ಹಿರಿಯ ಡ್ರೈವರು ಡಿಪೋದಲ್ಲಿ ಬೆನ್ನು ತಟ್ಟಿದ್ದರು. "ಪರೀಕ್ಷೆ ಮಾಡೋರು ಯಾರಂತ ಗೊತ್ತಾಗಲ್ಲ. ಪ್ಯಾಸೆಂಜರ್ ಥರ ದಾರೀಲಿ ಎಲ್ಲೋ ಹತ್ತಾರೆ."

ಮುಂದಿನ ಸೀಟಿನ ಕನ್ನಡಕದವರೇ ಆ ಮಹಾನುಭಾವರೆಂದು ಇವನು ತೀರ್ಮಾನಿಸಿದ. ಅವರು ಆಕಳಿಸಿದರೂ ಇವನಿಗೆ ಜೀವ ಬಾಯಿಗೆ ಬರುತ್ತಿತ್ತು. ಆಸ್ಪತ್ರೆಯ ನಿಲ್ದಾಣದಲ್ಲಿ ಹೊರಡುವ ಹೊತ್ತಾಯಿತು. ಬಾಗಿಲಿನ ಗುಂಡಿಯ ಮೇಲೆ ಬೆರಳಿಟ್ಟ. ಅಷ್ಟರಲ್ಲಿ ಕನ್ನಡಿಯಲ್ಲಿ ಒಬ್ಬ ಹೆಂಗಸು ಬ್ಯಾಗನ್ನು ಎದೆಗವಚಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿ ಬರುವುದು ಕಂಡಿತು.

ಮುಚ್ಚು, ಎಂದಿತು ಬುದ್ಧಿ. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಹಾಳು ಬೆರಳು ಮಾತ್ರ ಕೇಳಲಿಲ್ಲ.

"ಬನ್ನಿ ಅಮ್ಮಾ, ಬೇಗ ಬೇಗ!"

ಅವಳು ಏದುಸಿರು ಬಿಡುತ್ತ ಹತ್ತಿದಳು. ಕನ್ನಡಕದವರು ಕೈಗಡಿಯಾರ ನೋಡಿಕೊಂಡರು. ಕೆಟ್ಟೆ, ಎಂದುಕೊಂಡ.

ಕೊನೆಯ ನಿಲ್ದಾಣದಲ್ಲಿ ಕನ್ನಡಕದವರು ಎಲ್ಲರ ಜೊತೆ ಇಳಿದು ಹೋದರು. ಉಳಿದವಳು ಓಡಿ ಬಂದಿದ್ದ ಹೆಂಗಸು. ಬ್ಯಾಗಿನಿಂದ ಸಾರಿಗೆ ಇಲಾಖೆಯ ಗುರುತಿನ ಚೀಟಿ ತೆಗೆದಳು.

"ಪರೀಕ್ಷೆ ಮಾಡ್ಬೇಕಾಗಿದ್ದೋಳು ನಾನೇ," ಎಂದಳು. ನಾಚಿಕೆಗೆ ಅವಳ ಮುಖ ಕೆಂಪಾಗಿತ್ತು. "ನೀವು ತಡವಾಗಿ ಹೊರಟ್ರಿ. ಅಂಕ ಕಳೀಲೇಬೇಕು."

"ಹೌದು ಮೇಡಂ," ಎಂದ.

"ಆದ್ರೆ ನೀವು ಹೊರಟುಹೋಗಿದ್ರೆ ಇವತ್ತು ಪರೀಕ್ಷೆನೇ ಆಗ್ತಿರ್ಲಿಲ್ಲ." ಅವಳಿಗೆ ನಗು ತಡೆಯಲಾಗಲಿಲ್ಲ. "ಅಂಕ ಕಳೆದ್ರೂ ಪಾಸಾಗಿದ್ದೀರಿ. ಇನ್ಮೇಲೆ ಯಾರಿಗೂ ಕಾಯ್ಬೇಡಿ, ಗೊತ್ತಾಯ್ತಾ?"

ಅವನು ಕುಣಿಯುವುದೊಂದು ಬಾಕಿ. ಅವಳು ಇಳಿಯುವುದೇ ತಡ, ಫೋನು ತೆಗೆದು ಹೆಂಡತಿಗೆ ಕೂಗಿ ಹೇಳಿದ. ಆ ಕಡೆಯಿಂದ ಅಳುವೂ ನಗುವೂ ಒಟ್ಟಿಗೇ ಬಂದವು.

"ಈಗ್ಲೇ ಓಡಿ ಬರ್ತೀನಿ ಕಣ್ರೀ!"

"ಓಡ್ಬೇಡ ಕಣೇ, ನಿಧಾನವಾಗಿ ಬಾ," ಎಂದು ಕಣ್ಣೊರೆಸಿಕೊಂಡ. "ನಾನು ಕಾಯ್ತಾ ಇರ್ತೀನಿ."